ಬಯಲುಸೀಮೆಯ ಗಿಡ, ಹುಲ್ಲು, ಮುಳ್ಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ, ಬಳ್ಳಾರಿ, ತುಮಕೂರು, ಗದಗದ ಕಡೆಯ ಜನ ಫೋನಲ್ಲಿ, ಪತ್ರದಲ್ಲಿ, ಸಂತೆಯಲ್ಲಿ ಸಿಕ್ಕಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಮಲೆನಾಡಿನವರಿಗೆ ಇದರಲ್ಲಿ ಅರ್ಧ ಉತ್ತರ ಹೊಂದುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಮೊದಲ ಪ್ರಶ್ನೆಗಳು

"ನಮ್ಮ ಕಡೆ ಕಾಪಾಡೋಕೆ ಏನಿದೆ ಸಾರ್? ಬರೀ ಕಲ್ಲು, ಮುಳ್ಳು ಅಲ್ವಾ?"

ಈ ಮಾತು ನಮ್ಮ ಬಾಯಿಂದಲೇ ಬರುತ್ತದೆ ಅನ್ನೋದೇ ಬೇಜಾರು. ಗುಡ್ಡದ ಇಳಿಜಾರಲ್ಲಿ ಕಮರ, ದಿಂಡುಗ, ಕಗ್ಗಲಿ, ತುಗ್ಗಲಿ ಮರಗಳಿವೆ. ಅವುಗಳ ಕೆಳಗೆ ಕವಳೆ, ಕಾರೆ, ಬಾರೆ, ಬಂದರಿಕೆ, ತಂಗಡಿ. ಬಂಡೆ ಸಂದಿಯಲ್ಲಿ ಮಾಗಳಿ ಬಳ್ಳಿ, ಬೇಲಿ ಮೇಲೆ ಮಂಗರವಳ್ಳಿ. ಚಳ್ಳಕೆರೆ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿ.ಮೀ. ಆಸುಪಾಸು, ಅದೂ ಬಂದರೆ ಬಂತು. ಅಷ್ಟರಲ್ಲೇ ಬದುಕುವ ಗಿಡಗಳು ಇವು. ತಂಗಡಿಯ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು, ಕವಳೆ ಹಣ್ಣು ಬೇಸಿಗೆಯಲ್ಲಿ ದನ ಕಾಯುವ ಹುಡುಗರ ಊಟ. ಚಳ್ಳಕೆರೆ ಕಡೆಯ ಕಾಡುಗೊಲ್ಲರು ತಮ್ಮ ದೇವರು ಕ್ಯಾತಪ್ಪನ ಪರಿಷೆಗೆ ಗುಡಿ ಕಟ್ಟುವುದೇ ಬಾರೆ ಮುಳ್ಳಿನಿಂದ. ಆ ಮುಳ್ಳಿನ ಗುಡಿ ಮೇಲೆ ಬರಿಗಾಲಲ್ಲಿ ಹತ್ತುತ್ತಾರೆ. ಬಾರೆ ಪೊದೆ ಇಲ್ಲದಿದ್ದರೆ ಪರಿಷೆ ಎಲ್ಲಿಂದ ಬರಬೇಕು?

ಮರಕ್ಕಿಂತ ಹುಲ್ಲು ನೋಡಿ. ಊಬಿನ ಹುಲ್ಲಿನ ಒಂದು ಬೀಜ ಕಿತ್ತು ಅಂಗೈ ಮೇಲಿಡಿ. ಒಂದು ತುದಿ ಸೂಜಿ ತರ ಚೂಪು, ಇನ್ನೊಂದು ಕಡೆ ಉದ್ದ ಕಪ್ಪು ಬಾಲ, ಹುರಿ ಹೊಸೆದ ಹಾಗೆ ತಿರುಚಿಕೊಂಡಿರುತ್ತದೆ. ಅದರ ಮೇಲೆ ಒಂದು ಹನಿ ನೀರು ಹಾಕಿದರೆ ಬಾಲ ತಾನೇ ಬಿಚ್ಚಿಕೊಳ್ಳುತ್ತಾ ಗಿರಗಿರ ತಿರುಗುತ್ತದೆ. ನೆಲದ ಮೇಲೆ ಬಿದ್ದ ಬೀಜ ಮಳೆ ಬಂದಾಗ ತಿರುಗಿ, ಒಣಗಿದಾಗ ಉಲ್ಟಾ ತಿರುಗಿ, ತನ್ನನ್ನು ತಾನೇ ಮಣ್ಣಿಗೆ ಕೊರೆದುಕೊಂಡು ಹೋಗುತ್ತದೆ. ನಿಮ್ಮ ಪಂಚೆ ಚುಚ್ಚುವುದೂ ಇದೇ.

"ಸ್ಥಳೀಯ ಗಿಡ ಅಂದ್ರೆ ಯಾವುದು? ತಾತನ ಕಾಲದಿಂದ ಇದ್ರೆ ಸಾಕಾ?"

ಸಾಲದು. ಸೀತಾಫಲ, ಪಾಪಾಸುಕಳ್ಳಿ, ಬೇಲಿಯ ಕತ್ತಾಳೆ ಮೂರೂ ಅಮೆರಿಕ ಖಂಡದಿಂದ ಬಂದವು. ಗುಲ್‌ಮೊಹರ್ ಮಡಗಾಸ್ಕರಿನದು. ಹುಣಸೆ ಕೂಡ ಮೂಲತಃ ಆಫ್ರಿಕಾದ್ದು, ಆದರೆ ಬಂದು ಎಷ್ಟೋ ಶತಮಾನ ಆಗಿದೆ. ತಮಾಷೆ ಅಂದರೆ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ 2007ರಲ್ಲಿ ಘೋಷಣೆ ಆದದ್ದು ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು.

ಹಾಗಾಗಿ ನಾನು ಹುಟ್ಟೂರಿಗಿಂತ ನಡತೆ ನೋಡುತ್ತೇನೆ. ಹುಣಸೆ ಪಕ್ಕದ ಗಿಡವನ್ನು ಓಡಿಸಿ ಗುಡ್ಡ ಪೂರ್ತಿ ಹಬ್ಬುವುದಿಲ್ಲ. ಲಂಟಾನ, ಬಳ್ಳಾರಿ ಜಾಲಿ ಹಬ್ಬುತ್ತವೆ. ಇರುವ ಹುಣಸೆ ಮರದ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಹೊಸದಾಗಿ ನೆಡುವಾಗ ಮಾತ್ರ ಈ ನೆಲದಲ್ಲೇ ಹುಟ್ಟಿ ಬೆಳೆದದ್ದನ್ನು ಆರಿಸಿ.

"ಬಳ್ಳಾರಿ ಜಾಲಿಗೂ ಕರಿಜಾಲಿಗೂ ಬನ್ನಿಗೂ ವ್ಯತ್ಯಾಸ ಗೊತ್ತಾಗಲ್ಲ"

ಹೂವು, ಕಾಯಿ ನೋಡಿದರೆ ಎರಡು ನಿಮಿಷದ ಕೆಲಸ. ಕರಿಜಾಲಿ ಹೂವು ಹಳದಿ ಗುಂಡು, ಕಾಯಿ ಬೂದುಬಣ್ಣದ್ದು, ಬೀಜ ಬೀಜದ ನಡುವೆ ಹಿಸುಕಿದಂತೆ ಸರದ ಮಣಿ ಪೋಣಿಸಿದ ಆಕಾರ. ಬಳ್ಳಾರಿ ಜಾಲಿ ಹೂವು ಗುಂಡಲ್ಲ, ಬೆರಳುದ್ದದ ತೆನೆ. ಕಾಯಿ ಹಣ್ಣಾದಾಗ ಹಳದಿ, ಚೀಪಿದರೆ ಸಿಹಿ. ಬನ್ನಿಗೂ ತೆನೆಯಂಥ ಹೂವೇ, ಹಾಗಾಗಿ ಅಲ್ಲಿ ಮುಳ್ಳು ನೋಡಬೇಕು. ಬಳ್ಳಾರಿ ಜಾಲಿಯ ಮುಳ್ಳು ಎಲೆ ಬುಡದಲ್ಲಿ, ಹೆಚ್ಚಾಗಿ ಜೋಡಿ ಜೋಡಿ, ಉದ್ದ. ಬನ್ನಿಯದು ಗಿಡ್ಡ, ಬುಡ ದಪ್ಪ, ರೆಂಬೆ ಮೇಲೆ ಚದುರಿದಂತೆ ಇರುತ್ತದೆ. ಕಡಿಯುವ ಮೊದಲು ಇದನ್ನು ನೋಡಲೇಬೇಕು. ಜಾಲಿ ತೆಗೆಯುತ್ತೇವೆ ಅಂತ ಹೋದ ಜೆಸಿಬಿಗೆ ಬನ್ನಿ ಯಾವುದು ಅಂತ ಯಾರು ಹೇಳಬೇಕು?

"ಖಾಲಿ ಹುಲ್ಲುಗಾವಲಲ್ಲಿ ಮರ ನೆಟ್ಟರೆ ಒಳ್ಳೇದೇ ಅಲ್ವಾ?"

ಅಲ್ಲ. ಹುಲ್ಲುಗಾವಲು ಖಾಲಿ ಜಾಗ ಅಲ್ಲ. ಮರ ಬೆಳೆದು ನೆರಳಾದರೆ ಬಿಸಿಲು ಬೇಡುವ ಹುಲ್ಲು ಸಾಯುತ್ತದೆ. ಗುಂಡಿ, ಟ್ರೆಂಚ್ ತೆಗೆದ ಕಡೆ ಮೇಲ್ಮಣ್ಣು ಸಡಿಲವಾಗಿ ಕಳೆ ಮೊದಲು ಬರುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರಲ್ಲಿ ಆಯಿತು, 119 ಚದರ ಕಿ.ಮೀ. ಬಯಲಲ್ಲಿ ಓಡುವ ಪ್ರಾಣಿಗೆ ಮಾಡಿದ ಧಾಮದಲ್ಲಿ ದೊಡ್ಡ ಪಾಲು ನೀಲಗಿರಿ ನೆಡುತೋಪು! ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಒಂದು ಕಾಲಕ್ಕೆ ಅಲ್ಲೂ ಕಾಣುತ್ತಿತ್ತು. ಈಗ ನಮ್ಮ ರಾಜ್ಯದಲ್ಲಿ ಅದು ಸಿರುಗುಪ್ಪದ ಕಡೆ ಬೆರಳೆಣಿಕೆಗೆ ಬಂದು ನಿಂತಿದೆ. ಮರ ಬೇಕಿದ್ದರೆ ಹಳ್ಳದ ದಂಡೆ, ಹೊಲದ ಬದು, ಊರ ದಾರಿ ಇದೆ. ಹುಲ್ಲಿರುವ ಕಡೆ ಹುಲ್ಲನ್ನೇ ಬಿಡಿ.

ನೆಡುವವರು ಕೇಳುವುದು

"ಜೂನ್ 5ಕ್ಕೆ ಪ್ರತಿ ವರ್ಷ ನೆಡ್ತೀವಿ, ಒಂದೂ ಉಳಿಯಲ್ಲ"

ಕ್ಯಾಲೆಂಡರ್ ನೋಡಿ ನೆಟ್ಟರೆ ಹಾಗೇ. ನಮ್ಮ ಸೀಮೆಯಲ್ಲಿ ಜೂನ್ ಮಳೆ ತುಂತುರು, ಜುಲೈ ಪೂರ್ತಿ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲು ಸಾಲಾಗಿ ಸುಮ್ನೆ ನಿಲ್ಲಿಸಿಲ್ಲ. ಆ ಗಾಳಿಗೆ ಎಳೆ ಸಸಿಯ ಎಲೆಯಲ್ಲಿರುವ ನೀರೆಲ್ಲ ಆರಿಹೋಗುತ್ತದೆ. ನಮಗೆ ನೆಲ ನೆನೆಯುವ ಮಳೆ ಹುಬ್ಬೆ, ಉತ್ತರೆ, ಹಸ್ತದಲ್ಲಿ, ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದವರೆಗೆ. ಗುಂಡಿಯನ್ನು ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಡಿ, ಜೂನ್-ಜುಲೈ ಮಳೆ ಅದರೊಳಗೆ ಇಂಗಲಿ, ಹುಬ್ಬೆ ಮಳೆ ಬಿದ್ದ ಮೇಲೆ ಸಸಿ ಇಡಿ. ಬುಡಕ್ಕೆ ಒಣ ಹುಲ್ಲು ಇಲ್ಲಾ ಚಪ್ಪಟೆ ಕಲ್ಲು ಹೊದಿಸಿ, ಸುತ್ತ ಮುಳ್ಳುಕಂಪೆ ಇಡಿ. ಮೊದಲ ಬೇಸಿಗೆಗೆ ಮಾತ್ರ ನೀರು ಬೇಕೇ ಬೇಕು. ತಳದಲ್ಲಿ ಸಣ್ಣ ತೂತಿರುವ ಮಡಕೆಯನ್ನು ಪಕ್ಕದಲ್ಲಿ ಹೂತು ವಾರಕ್ಕೊಮ್ಮೆ ತುಂಬಿಸಿದರೂ ಸಾಕು. ಫೋಟೋಗೆ ಬರುವವರು ಜೂನ್‌ನಲ್ಲೇ ಬರಲಿ, ಗುಂಡಿ ಜೊತೆ ಫೋಟೋ ತೆಗೆದುಕೊಳ್ಳಲಿ.

"ಬೀಜ ಹಾಕಿದ್ರೆ ಹುಟ್ಟೋದೇ ಇಲ್ಲ, ಏನು ಮಾಡಬೇಕು?"

ಒಂದೊಂದಕ್ಕೆ ಒಂದೊಂದು ರೀತಿ. ಬೇವಿನ ಬೀಜ ಬೇಗ ಸಾಯುತ್ತದೆ, ಅದಕ್ಕೇ ಡಬ್ಬಿಯಲ್ಲಿ ಇಟ್ಟು ಮುಂದಿನ ವರ್ಷ ಹಾಕಿದವರಿಗೆ ಏನೂ ಬರುವುದಿಲ್ಲ. ಹಣ್ಣು ಉದುರುವಾಗ ಆರಿಸಿ, ತಿರುಳು ತೊಳೆದು, ನೆರಳಲ್ಲಿ ಆರಿಸಿ, ಎರಡು ಮೂರು ವಾರದೊಳಗೆ ಬಿತ್ತಿಬಿಡಬೇಕು. ಕರಿಜಾಲಿ, ತುಗ್ಗಲಿಗೆ ಸಿಪ್ಪೆ ಗಟ್ಟಿ. ನೀರು ಕುದಿಸಿ ಒಲೆಯಿಂದ ಇಳಿಸಿ, ಬೀಜ ಹಾಕಿ ರಾತ್ರಿ ಪೂರ್ತಿ ಬಿಡಿ, ಬೆಳಿಗ್ಗೆ ಉಬ್ಬಿದ್ದನ್ನು ಬಿತ್ತಿ. ಇನ್ನೂ ಸುಲಭ ಬೇಕೆಂದರೆ ಮೇಕೆ ಕೂಡುವ ಹಟ್ಟಿಗೆ ಹೋಗಿ, ಕಾಯಿ ತಿಂದ ಮೇಕೆ ಹಿಕ್ಕೆಯಲ್ಲಿ ಸಿಗುವ ಕರಿಜಾಲಿ ಬೀಜ ಚೆನ್ನಾಗಿ ಹುಟ್ಟುತ್ತದೆ. ಬಾರೆಯ ಓಟೆಯನ್ನು ಕಲ್ಲಿಂದ ಮೆಲ್ಲಗೆ ತಟ್ಟಿ ಬಿರುಕು ಬಿಡಿಸಿ, ಒಳಗಿನ ಬೀಜ ಜಜ್ಜಬಾರದು. ಹೊಂಗೆಗೆ ಏನೂ ಮಾಡಬೇಕಿಲ್ಲ, ಹಾಕಿದರೆ ಹುಟ್ಟುತ್ತದೆ.

ಕಮರದ್ದು ಬೇರೆ ಕತೆ. ಅದು ಎಲ್ಲ ವರ್ಷವೂ ಚೆನ್ನಾಗಿ ಬೀಜ ಕಟ್ಟುವುದಿಲ್ಲ. ಬಂದ ವರ್ಷ ಬೇಸಿಗೆಯಲ್ಲಿ ತೆಳ್ಳನೆ ರೆಕ್ಕೆಯ ತುದಿಯಲ್ಲಿ ಒಂದೇ ಬೀಜ ಇಟ್ಟುಕೊಂಡು ಗಾಳಿಗೆ ಹಾರಿ ಬರುತ್ತದೆ. ಹುಟ್ಟಿದ ಸಸಿ ಮೇಲೆ ಗೇಣುದ್ದ ಬೆಳೆಯುವ ಮೊದಲೇ ತಾಯಿಬೇರು ಅದರ ಎಷ್ಟೋ ಪಟ್ಟು ಆಳ ಹೋಗಿರುತ್ತದೆ. ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಆ ಬೇರು ಸುರುಳಿ ಸುತ್ತಿಕೊಳ್ಳುತ್ತದೆ. ಹಾಗಾಗಿ ಕಮರವನ್ನು ಜಾಗದಲ್ಲೇ ನೇರ ಬಿತ್ತುವುದು ವಾಸಿ.

"ಬೀಜದುಂಡೆ ಎಸೆದ್ರೆ ಕಾಡಾಗುತ್ತಾ?"

ಮಕ್ಕಳಿಗೆ ಖುಷಿಯ ಆಟ, ಬೇಡ ಅನ್ನುವುದಿಲ್ಲ. ಆದರೆ ಬರೀ ಬಂಡೆ ಮೇಲೆ ಎಸೆದ ಉಂಡೆ ಮಳೆಗೆ ಕರಗಿ, ಬೀಜ ಮೊಳೆತು, ಒಂದು ವಾರ ಮಳೆ ತಪ್ಪಿದರೆ ಒಣಗುತ್ತದೆ. ಮುಳ್ಳು ಪೊದೆಯ ಬುಡಕ್ಕೆ ಹಾಕಿಸಿ. ಅಲ್ಲಿ ನೆರಳಿದೆ, ದನದ ಬಾಯಿ ತಾಗುವುದಿಲ್ಲ. ಉಂಡೆಯೊಳಗೆ ಗುಲ್‌ಮೊಹರ್, ಸುಬಾಬುಲ್‌ನಂಥ ಹೊರಗಿನ ಗಿಡಗಳ ಬೀಜ ತುಂಬಿಸಿಕೊಡುವವರಿಂದ ಮಾತ್ರ ದೂರ ಇರಿ.

"ನೀರಿಲ್ಲದೆ ಬೇಗ ಬೆಳೆಯೋ ಗಿಡ ಹೇಳಿ"

ಹಾಗೆ ಕೇಳಿಕೊಂಡೇ ನೀಲಗಿರಿ, ಅಕೇಶಿಯಾ ತಂದಿದ್ದು. 2017ರಲ್ಲಿ ಸರ್ಕಾರವೇ ಇವೆರಡನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ನಮ್ಮ ಗಿಡಗಳು ಮೊದಲು ಬೇರು, ಆಮೇಲೆ ಕೊಂಬೆ. ಮೂರು ವರ್ಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಅಷ್ಟು ಕಾಯುವುದಕ್ಕೆ ಆಗಲ್ಲ ಅನ್ನುವವರು ಹೊಂಗೆ, ಬೇವು ಇಡಿ.

ಕಳೆಗಳ ಕಾಟ

"ಬಳ್ಳಾರಿ ಜಾಲಿ ಎಷ್ಟು ಕಡಿದ್ರೂ ಮತ್ತೆ ಬರುತ್ತೆ"

ಕಡಿದಷ್ಟೂ ಜಾಸ್ತಿ ಬರುತ್ತದೆ, ಯಾಕೆಂದರೆ ಚಿಗುರುವ ಕಣ್ಣುಗಳು ನೆಲದ ಮಟ್ಟದಿಂದ ಸ್ವಲ್ಪ ಕೆಳಗೆ, ಬುಡದಲ್ಲೇ ಇರುತ್ತವೆ. ಒಂದು ಕಾಂಡ ಕಡಿದರೆ ಹತ್ತು ಕಾಂಡ. ಬುಡದ ಸುತ್ತ ಅಗೆದು ಒಂದಡಿ ಆಳದಲ್ಲಿ ಬೇರು ಕತ್ತರಿಸಿ ಗಡ್ಡೆ ಸಮೇತ ಎತ್ತಬೇಕು. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಈ ಕೆಲಸ ಸುಲಭ.

ಇದನ್ನು 1877ರಲ್ಲಿ ಜಮೈಕಾದ ಬೀಜದಿಂದ ಪಕ್ಕದ ಕಡಪದಲ್ಲಿ ನೆಟ್ಟರು, ಸೌದೆಗೆ ಆಗಲಿ, ಬರಡು ನೆಲ ಹಸಿರಾಗಲಿ ಅಂತ. ಹಬ್ಬಿಸಿದ್ದು ದನ, ಕುರಿ, ಮೇಕೆ. ಸಿಹಿ ಕಾಯಿ ತಿನ್ನುತ್ತವೆ, ಬೀಜ ಜೀರ್ಣವಾಗದೆ ಗೊಬ್ಬರದ ಜೊತೆ ಹೊರಗೆ ಬೀಳುತ್ತದೆ. ಕೆರೆ ಅಂಗಳ ತುಂಬಿದ್ದು ಹೀಗೆ. ಕಾಯಿಯನ್ನು ಮೇವಿಗೆ ಬಳಸುವವರು ಗಿರಣಿಯಲ್ಲಿ ಪುಡಿ ಮಾಡಿಸಿ ಕೊಡಿ, ಬೀಜ ಅಲ್ಲೇ ಸಾಯುತ್ತದೆ.

ಇನ್ನೊಂದು ಮಾತು, ಕೆಲವರಿಗೆ ಇಷ್ಟ ಆಗುವುದಿಲ್ಲ. ಊರಿನ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಸೌದೆಯಿಂದಲೇ, ಇದ್ದಿಲು ಸುಟ್ಟು ಬದುಕುವ ಕುಟುಂಬಗಳಿವೆ. ಒಂದೇ ವರ್ಷದಲ್ಲಿ ಪೂರ್ತಿ ಕಿತ್ತರೆ ಅವರು ಸೌದೆಗೆ ಗುಡ್ಡದ ದಿಂಡುಗ, ತುಗ್ಗಲಿಗೆ ಕೈ ಹಾಕುತ್ತಾರೆ. ಬರಿದಾದ ನೆಲಕ್ಕೆ ಕಾಂಗ್ರೆಸ್ ಗಿಡ ಬರುತ್ತದೆ. ಹಾಗಾಗಿ ತುಂಡು ತುಂಡಾಗಿ ತೆಗೆಯಿರಿ. ಯಾವ ತುಂಡಲ್ಲಿ ಇನ್ನೂ ಹುಲ್ಲು, ತಂಗಡಿ, ಬಾರೆ ಉಳಿದಿದೆಯೋ ಅಲ್ಲಿಂದ ಶುರು ಮಾಡಿ. ಪೂರ್ತಿ ಜಾಲಿಯೇ ಆಗಿಹೋದ ಕೆರೆ ಅಂಗಳ ಕೊನೆಗೆ.

"ಲಂಟಾನ, ಕಾಂಗ್ರೆಸ್ ಗಿಡಕ್ಕೂ ಇದೇ ಮದ್ದಾ?"

ಲಂಟಾನಕ್ಕೆ ಹೆಚ್ಚುಕಮ್ಮಿ ಇದೇ. ನೆಲದಿಂದ ಒಂದೆರಡು ಇಂಚು ಕೆಳಗೆ ಬೇರು ಕತ್ತರಿಸಿ, ಪೊದೆಯನ್ನು ತಲೆಕೆಳಗು ಮಾಡಿ ಒಣಗಲು ಬಿಡಿ. ಹಕ್ಕಿಗಳು ಬೀಜ ತಂದು ಹಾಕುತ್ತಲೇ ಇರುತ್ತವೆ, ಹಾಗಾಗಿ ಎರಡು ಮೂರು ಮಳೆಗಾಲ ಹಿಂದೆ ಬೀಳಬೇಕು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲು ಕೈಗವಸು ಹಾಕಿಕೊಂಡು ಕೀಳಿ, ಮೈ ತುರಿಕೆ, ಉಬ್ಬಸ ತರುವ ಗಿಡ ಅದು. ಇದರ ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟರು, ಮಳೆಗಾಲದಲ್ಲಿ ಈಗಲೂ ಕಾಣುತ್ತದೆ. ಗಿಡದ ಮೇಲೆ ಪಟ್ಟೆ ಪಟ್ಟೆಯ ಪುಟ್ಟ ಹುಳ ಕಂಡರೆ ಔಷಧಿ ಹೊಡೆಯಬೇಡಿ.

ಬಳಕೆ, ಮೇವು, ಬೆಂಕಿ

"ಮಾಗಳಿ ಬೇರಿನ ಉಪ್ಪಿನಕಾಯಿ ತಿನ್ನೋದೂ ತಪ್ಪಾ?"

ತಿನ್ನಿ, ನನಗೂ ಇಷ್ಟ. ಎಲ್ಲಿಂದ ಬಂದ ಬೇರು ಅನ್ನೋದು ಪ್ರಶ್ನೆ. ಮಾಗಳಿ ದಕ್ಷಿಣ ಭಾರತದ ಒಣ ಗುಡ್ಡಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಬಂಡೆ ಸೀಳಲ್ಲಿ ಬೇರೂರಿದ ಬಳ್ಳಿ, ಮುರಿದರೆ ಹಾಲು ಬರುತ್ತದೆ, ಬುಡದಲ್ಲಿ ಬೆರಳು ದಪ್ಪದ ಬೇರುಗಳ ಗೊಂಚಲು. ಸಂತೆಯಲ್ಲಿ ಗೋಣಿಚೀಲ ಬಿಚ್ಚಿದರೆ ನಾಲ್ಕು ಅಂಗಡಿ ಆಚೆಗೂ ವೆನಿಲ್ಲಾದಂಥ ಘಮ. ಸಿಪ್ಪೆ ಕೆರೆದು, ನಡುವಿನ ನಾರು ತೆಗೆದು ಬಿಸಾಕಿ, ಉಳಿದ ತಿರುಳನ್ನು ಹೆಚ್ಚಿ ಉಪ್ಪಿನಕಾಯಿ ಹಾಕುತ್ತಾರೆ. ಅಷ್ಟೇ ಆಗಿದ್ದರೆ ಗುಡ್ಡ ತಡೆದುಕೊಳ್ಳುತ್ತಿತ್ತೇನೋ. ಆದರೆ ಶರಬತ್ತಿಗೆ, ಔಷಧಿಗೆ ಸೊಗದೆ ಬೇರಿನ ಬದಲಿಗೂ ಇದೇ ಹೋಗುತ್ತದೆ, ಲೋಡುಗಟ್ಟಲೆ. ಬೇರನ್ನೇ ಅಗೆಯುವುದರಿಂದ ಗಿಡ ಹೋಯಿತು ಅಂತಲೇ ಅರ್ಥ. ಅಳಿವಿನ ಅಪಾಯದಲ್ಲಿರುವ ಸಸ್ಯಗಳ ಪಟ್ಟಿಗೆ ಇದು ಸೇರಿದೆ.

ಅಗೆಯುವವರಿಗೆ ನನ್ನ ಮಾತು: ಕಾಯಿ ಒಡೆದು ಹತ್ತಿಯಂಥ ರೋಮದ ಬೀಜ ಹಾರಿದ ಮೇಲೆ ಅಗೆಯಿರಿ, ಗೊಂಚಲಲ್ಲಿ ಅರ್ಧ ಬೇರು ಬಿಟ್ಟು ಮಣ್ಣು ಮುಚ್ಚಿ. ಕೊಳ್ಳುವವರು ಬೆಳೆದ ಮಾಗಳಿ ಕೇಳಿ. ತಾಜಾ ಬೀಜದಿಂದ ಸಸಿ ಬರುತ್ತದೆ, ಬದುವಿನಲ್ಲಿ ಬೆಳೆಯಬಹುದು, ಕೆಲವು ವರ್ಷ ಕಾಯಬೇಕು ಅಷ್ಟೇ. ಗಿರಾಕಿ ಕೇಳದೆ ಯಾವ ರೈತನೂ ಬೆಳೆಯುವುದಿಲ್ಲ.

"ಕುರಿ ಮೇಕೆ ಬಂದ್ ಮಾಡಿದ್ರೆ ಕಾಡು ತಾನೇ ಬರುತ್ತೆ ಅಲ್ವಾ?"

ಸ್ವಲ್ಪ ನಿಜ, ಜಾಸ್ತಿ ಸುಳ್ಳು. ಹುಲ್ಲು ಮೇಯಬೇಕಾದದ್ದೇ. ಮೇಯದೆ ಬಿಟ್ಟರೆ ಒಣ ಹುಲ್ಲು ಕೂಡಿ ಬೆಂಕಿಗೆ ದಾರಿ. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ಕಾವಲುಗಳು, ಅಂದರೆ ಆ ತಳಿಯ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳು, ಉಳಿದದ್ದು ದನ ಮೇಯಿಸಿಕೊಂಡೇ, ಆದರೆ ಒಂದು ಕಾವಲು ಮೇಯ್ದು ಇನ್ನೊಂದಕ್ಕೆ ಹೋಗುತ್ತಿದ್ದರು, ಅದೇ ಜಾಗ ವರ್ಷವಿಡೀ ತುಳಿಯುತ್ತಿರಲಿಲ್ಲ. ಕುರಿ ಹುಲ್ಲಿಗೆ ಬಾಯಿ ಹಾಕುತ್ತದೆ, ಮೇಕೆ ಚಿಗುರಿಗೆ. ಮರ ಮೇಲೇಳಬೇಕಾದ ತುಂಡಿಗೆ ಎರಡು ಮೂರು ವರ್ಷ ಮೇಕೆ ಬೇಡ, ಹುಲ್ಲಿನ ತುಂಡಿಗೆ ಹುಲ್ಲು ಬೀಜ ಉದುರುವವರೆಗೆ ಕುರಿ ಬೇಡ. ಇದನ್ನು ಊರಲ್ಲಿ ಕೂತು, ಕುರಿಗಾರರನ್ನೂ ಕೂರಿಸಿಕೊಂಡು ತೀರ್ಮಾನ ಮಾಡಬೇಕು. ಅವರನ್ನು ಬಿಟ್ಟು ಮಾಡಿದ ತೀರ್ಮಾನ ಒಂದು ವಾರ ನಿಲ್ಲುವುದಿಲ್ಲ.

"ಬೆಂಕಿ ಹಾಕಿದ್ರೆ ಹೊಸ ಹುಲ್ಲು ಚೆನ್ನಾಗಿ ಬರುತ್ತಂತೆ?"

ಬರುತ್ತದೆ, ಒರಟು ಹುಲ್ಲು. ವರ್ಷ ವರ್ಷ ಸುಟ್ಟರೆ ಬೆಂಕಿ ತಡೆಯುವ ಒಂದೆರಡು ಜಾತಿ ಉಳಿದು ಮೆತ್ತನೆ ಮೇವಿನ ಹುಲ್ಲು ಕಡಿಮೆಯಾಗುತ್ತದೆ. ಆ ವರ್ಷ ಹುಟ್ಟಿದ ಸಸಿಗಳಂತೂ ಒಂದೂ ಇರುವುದಿಲ್ಲ. ಗದಗದ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು, ಅಲ್ಲಿಗೂ ಬೇಸಿಗೆಯಲ್ಲಿ ಬೆಂಕಿಯದೇ ದೊಡ್ಡ ಚಿಂತೆ. ಕಾಡಿಗೆ ಬೆಂಕಿ ಇಡುವುದು ಅಪರಾಧ ಅನ್ನೋದನ್ನೂ ನೆನಪಿಡಿ.

ಕಾನೂನು, ಕಾವಲು, ಜಮೀನು

"ನಮ್ಮ ಹೊಲದ ಬದುವಲ್ಲಿ ಶ್ರೀಗಂಧ ತಾನಾಗೇ ಹುಟ್ಟಿದೆ. ಕೇಸ್ ಆಗೋ ಮೊದಲು ಕಿತ್ತು ಹಾಕ್ಲಾ?"

ದಯವಿಟ್ಟು ಕೀಳಬೇಡಿ. ಹಳೇ ಭಯ ಅದು. ಒಂದು ಕಾಲದಲ್ಲಿ ನಿಮ್ಮ ಹೊಲದಲ್ಲಿದ್ದರೂ ಗಂಧದ ಮರ ಸರ್ಕಾರದ್ದು, ಕಾಯುವ ಪಾಡು ಮಾತ್ರ ನಿಮ್ಮದು. ಹಾಗಾಗಿ ಜನ ಸಸಿ ಕಂಡ ತಕ್ಷಣ ಕೀಳುತ್ತಿದ್ದರು. 2001ರ ತಿದ್ದುಪಡಿಯ ನಂತರ ಮರ ಜಮೀನಿನ ಯಜಮಾನರದ್ದೇ. ಕಡಿಯಲು, ಸಾಗಿಸಲು ಮಾತ್ರ ಅರಣ್ಯ ಇಲಾಖೆ ಅನುಮತಿ ಬೇಕು. ಪಹಣಿಯಲ್ಲಿ ಬರೆಸಿಡಿ. ಗಂಧ ಪಕ್ಕದ ಗಿಡಗಳ ಬೇರಿನಿಂದಲೂ ಆಹಾರ ಹೀರುತ್ತದೆ, ಹಾಗಾಗಿ ಸುತ್ತಲಿನ ಪೊದೆ ಸವರಿ ಸ್ವಚ್ಛ ಮಾಡಬೇಡಿ. ಪೊದೆ ಹೋದರೆ ಗಂಧವೂ ಸೊರಗುತ್ತದೆ.

"ಊರ ಮುಂದಿನ ಕಾವಲನ್ನ ಬೇರೆ ಕೆಲಸಕ್ಕೆ ಕೊಡ್ತಾರಂತೆ. ತಡೆಯೋಕೆ ಆಗುತ್ತಾ?"

ಕೆಲವು ಸಲ ಆಗುತ್ತದೆ, ಬೇಗ ಎದ್ದರೆ. ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಕಾವಲು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು, ಬೇಲಿ, ಗೋಡೆ ಎದ್ದ ಮೇಲೆ ಎಷ್ಟೋ ಊರಿನವರಿಗೆ ಗೊತ್ತಾಗಿದ್ದು. ಕಪ್ಪತಗುಡ್ಡದಲ್ಲಿ ಹಾಗಾಗಲಿಲ್ಲ. 2015ರಲ್ಲಿ ಸಂರಕ್ಷಣಾ ಮೀಸಲು ಅಂತ ಆಯಿತು, 2016ರಲ್ಲಿ ವಾಪಸ್ ತೆಗೆದರು, ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಜನ ಬೀದಿಗೆ ಬಂದರು, 2017ರಲ್ಲಿ ಮತ್ತೆ ಮೀಸಲಾಯಿತು, 2019ರಲ್ಲಿ ವನ್ಯಜೀವಿ ಧಾಮವೇ ಆಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲೇ ಸಂರಕ್ಷಣಾ ಮೀಸಲಾಗಿದೆ.

ಮೊದಲ ಕೆಲಸ ಕಾಗದದ್ದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಹುಲ್ಲು, ಪ್ರಾಣಿಗಳ ದಾಖಲೆ ಪುಸ್ತಕ ಇಡಬೇಕು. ಹೋಗಿ ಕೇಳಿ. ಬಹಳ ಕಡೆ ಪುಸ್ತಕ ಇರುತ್ತದೆ, ಒಳಗೆ ಯಾವುದೋ ಬೇರೆ ಊರಿನ ಪಟ್ಟಿ ನಕಲು ಇರುತ್ತದೆ! ನಿಮ್ಮ ಊರಿನ ಕುರಿಗಾರರು, ನಾಟಿ ಔಷಧಿ ಕೊಡುವವರು, ಪೊರಕೆಗೆ ಹಂಚಿಕಡ್ಡಿ ತರುವ ಹೆಂಗಸರನ್ನು ಕೂರಿಸಿ ಸರಿಯಾಗಿ ಬರೆಸಿ. ಬಂಜರು ಅಂತ ಕಂದಾಯದ ದಾಖಲೆಯಲ್ಲಿರುವ ಜಾಗದಲ್ಲಿ ಏನೇನಿದೆ ಅನ್ನೋದಕ್ಕೆ ನಿಮ್ಮ ಕೈಲಿರುವ ಸಾಕ್ಷಿ ಅದೊಂದೇ. ಗ್ರಾಮಸಭೆಯಲ್ಲಿ ಠರಾವು ಆಗಲಿ, ನಡಾವಳಿಯ ನಕಲು ನಿಮ್ಮ ಹತ್ತಿರ ಇರಲಿ.

"ನಾನು ಇರೋದು ಬೆಂಗಳೂರಲ್ಲಿ. ಊರಲ್ಲಿ ಮೂರೆಕರೆ ಬೀಳು ಬಿದ್ದಿದೆ. ಕ್ಲೀನ್ ಮಾಡಿಸಿ ಕಾಡು ಬೆಳೆಸಬೇಕು ಅಂತ ಆಸೆ"

ಕ್ಲೀನ್ ಮಾಡಿಸಬೇಡಿ, ಅಷ್ಟು ಮಾಡಿದರೆ ಅರ್ಧ ಕೆಲಸ ಆದಂತೆ. ಇದೇ ಪ್ರಶ್ನೆ ದುಬೈ, ಅಮೆರಿಕದಿಂದಲೂ ಬರುತ್ತದೆ, ಉತ್ತರ ಅದೇ. ಬೀಳು ಅಂತ ನೀವು ಕರೆಯುವ ಜಾಗದಲ್ಲಿ ಮೊಣಕಾಲುದ್ದದ ತುಗ್ಗಲಿ, ದಿಂಡುಗ, ಮುತ್ತುಗದ ಪೊದೆಗಳು ಇರುತ್ತವೆ. ನೋಡೋಕೆ ಎರಡು ವರ್ಷದ ಗಿಡ. ಬುಡ ಕೆದಕಿದರೆ ತೊಡೆ ದಪ್ಪದ ಹಳೇ ಮೋಟು ಸಿಗುತ್ತದೆ. ಕಡಿದು, ಮೇಯ್ದು, ಸುಟ್ಟು, ಮತ್ತೆ ಚಿಗುರಿ ಹತ್ತಾರು ವರ್ಷ ನೆಲದೊಳಗೆ ಬದುಕಿರುವ ಬೇರು ಅದು. ಜೆಸಿಬಿ ಒಂದು ದಿನದಲ್ಲಿ ಕಿತ್ತೆಸೆಯುವುದು ಇದನ್ನೇ, ಆಮೇಲೆ ಅದರ ಜಾಗಕ್ಕೆ ನರ್ಸರಿಯಿಂದ ಸಸಿ ತರುತ್ತೀರಿ.

ಮೊದಲ ಮಳೆ ಬಿದ್ದು ಹದಿನೈದು ದಿನಕ್ಕೆ ಹೋಗಿ, ಊರಿನ ಹಿರಿಯರೊಬ್ಬರನ್ನೋ ಕುರಿ ಕಾಯುವವರನ್ನೋ ಕರೆದುಕೊಂಡು ಜಮೀನು ಸುತ್ತಿ. ಚಿಗುರುತ್ತಿರುವ ಪ್ರತಿ ಮೋಟಿಗೂ ಬಣ್ಣದ ಬಟ್ಟೆ ಕಟ್ಟಿಸಿ. ಗಾಳಿಗೆ ಬಾಗದ, ನೆಟ್ಟಗಿರುವ ಒಂದೆರಡು ಕವಲು ಬಿಟ್ಟು ಉಳಿದದ್ದನ್ನು ಸವರಿಸಿ, ಸವರಿದ ರೆಂಬೆಯನ್ನು ಅದರ ಸುತ್ತಲೇ ಹರಡಿಸಿ, ಮೇಕೆ ಬಾಯಿಗೆ ಅಡ್ಡ ಆಗುತ್ತದೆ. ತಂತಿ ಬೇಲಿಗೆ ಹಣ ಸುರಿಯುವ ಬದಲು ಬದು ಮೇಲೆ ಕಾರೆ, ಕವಳೆ, ಬಾರೆ ಹಾಕಿಸಿ. ಬಳ್ಳಾರಿ ಜಾಲಿ ಇದ್ದರೆ ಅದನ್ನು ಮಾತ್ರ ಬುಡಸಮೇತ ತೆಗೆಸಿ. ಎಲ್ಲಿ ಎರಡು ವರ್ಷವಾದರೂ ಏನೂ ಚಿಗುರುವುದಿಲ್ಲವೋ ಆ ತುಂಡಿಗೆ ಮಾತ್ರ ಬೀಜ ಬಿತ್ತಿಸಿ. ಇಲ್ಲಿಯವರೆಗೆ ಅಲ್ಲಿ ದನ ಮೇಯಿಸುತ್ತಿದ್ದವರು ಯಾರು ಅಂತ ಕೇಳಿ, ಹುಲ್ಲು ಕೊಯ್ದುಕೊಂಡು ಹೋಗಲು ಅವರಿಗೇ ಹೇಳಿ. ನೀವು ಬೆಂಗಳೂರಲ್ಲಿ ಇರುವಾಗ ಜಮೀನಿನ ಮೇಲೆ ಕಣ್ಣಿಡುವವರು ಅವರೇ.